ಕಾಯ್ಕಿಣಿಯ ಅಂಗಳದ ದಾರಿ

ಕಳೆದ ಭಾನುವಾರ ನಮ್ಮ ಕಚೇರಿಯ ಪ್ರಶಾಂತ ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಕುಮಟೆಯ ಹೊರಗೆ ಒಂದು ಸೈಟು ತೋರಿಸಲು ಕರೆದುಕೊಂಡು ಹೋದ. ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ, ಆಗಲೇ ಅವನಿಗೆ ಜಾಗದ ಹುಚ್ಚು ಹಿಡಿದಿದೆ. ಬೆಳಿಗ್ಗೆ ಒಂದು ಮಳೆ ಬಂದು ಹೋಗಿತ್ತು. ಸೈಟಿನ ಬದಿಯಲ್ಲಿ ಯಾರೋ ಮನೆ ಕಟ್ಟಲು ತಂದು ಪೇರಿಸಿದ್ದ ಚಿರೆಕಲ್ಲು ತೊಯ್ದು ಕೆಂಪು ನೀರು ಬಿಡುತ್ತಿತ್ತು. ಹಸಿ ಚಿರೆಕಲ್ಲಿಗೆ ಒಂದು ವಾಸನೆ ಇದೆ. ಆ ವಾಸನೆ ಮೂಗಿಗೆ ಬಂದದ್ದೇ ನಾನು ತಿರುಗಿ ನಾವು ಬಂದ ದಾರಿ ನೋಡಿದೆ.

"ಪಹಣಿ ನೋಡಿ ಆತು ಸರ್. ಬಿನ್‌ಶೇತ್ಕಿ ಆಗಿದೆ, ಈಗ ಕೃಷಿ ಜಮೀನಲ್ಲ, ಮನೆ ಕಟ್ಟೂಕೆ ತೊಂದ್ರೆ ಇಲ್ಲ. ಬ್ಯಾಂಕಿನವರೂ ಒಪ್ಪಿದ್ದಾರೆ. ಇನ್ನೆಂತ ನೋಡೂದಿದೆ ಹೇಳಿ" ಎಂದ ಪ್ರಶಾಂತ.

"ನಾವು ಈಗ ಬಂದ ದಾರಿ ಯಾರದ್ದು?" ಎಂದು ಕೇಳಿದೆ.

"ಅದಾ? ಪಕ್ಕದ ಮನೆಯವರದ್ದು ಇರ್ಬೇಕು. ಒಳ್ಳೆ ಜನ ಸರ್, ಎಂತ ಹೇಳೂದಿಲ್ಲ."

ನಾನು ಆ ಕಲ್ಲಿನ ರಾಶಿಯ ಮೇಲೇ ಕೂತೆ. ಹುಡುಗ ಗಾಬರಿಯಾಗಿ ನೀರಿನ ಬಾಟಲಿ ತೆಗೆದ. ಜಾಗದ ವ್ಯವಹಾರದಲ್ಲಿ ಒಳ್ಳೆ ಜನ ಎಂಬ ಮಾತು ಕೇಳಿದರೆ ನನಗೆ ಈಗಲೂ ಹೆದರಿಕೆಯಾಗುತ್ತದೆ. ಕೆಟ್ಟ ಜನರಿಂದ ಮೋಸ ಹೋಗಿದ್ದರೆ ಇಷ್ಟು ನೋಯುತ್ತಿರಲಿಲ್ಲವೇನೋ.

ನನ್ನ ಅಕ್ಕ ಸುಶೀಲಾ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ನರ್ಸು. ಚಿಕ್ಕ ವಯಸ್ಸಿನಲ್ಲಿ ಮದುವೆಯಾಗಿ, ವರ್ಷದೊಳಗೆ ಒಂದು ಸೂಟ್‌ಕೇಸ್ ಹಿಡಿದುಕೊಂಡು ತವರಿಗೆ ವಾಪಸು ಬಂದವಳು. ಕಾರಣ ಅವಳು ಹೇಳಲಿಲ್ಲ, ಅಪ್ಪ ಅಮ್ಮ ಕೇಳಲಿಲ್ಲ. ಆಮೇಲೆ ನೌಕರಿ ಸಿಕ್ಕಿತು. ಕುಮಟೆ, ಹೊನ್ನಾವರ, ಭಟ್ಕಳ ಎಂದು ಈ ಮೂರು ತಾಲೂಕುಗಳಲ್ಲೇ ವರ್ಗವಾಗುತ್ತ, ಹೋದಲ್ಲೆಲ್ಲ ಬಾಡಿಗೆ ಮನೆ. ಒಂದು ಕಡೆ ಮೀನು ಹುರಿಯಬಾರದು, ಇನ್ನೊಂದು ಕಡೆ ಗೋಡೆಗೆ ಮೊಳೆ ಹೊಡೆಯಬಾರದು. ಅಪ್ಪ ಅಮ್ಮನ ಫೋಟೋವನ್ನು ಅವಳು ಎಷ್ಟೋ ವರ್ಷ ಅಕ್ಕಿ ಡಬ್ಬದ ಮೇಲೆ ಗೋಡೆಗೆ ಒರಗಿಸಿ ಇಟ್ಟುಕೊಂಡಿದ್ದಳು.

ಹೊನ್ನಾವರದ ಹೆದ್ದಾರಿ ಬದಿಯಲ್ಲಿ ನಮ್ಮದೊಂದು ಹಳೆಯ ಮನೆ ಇತ್ತು. ರಸ್ತೆ ಅಗಲ ಮಾಡುವಾಗ ಅದು ಹೋಯಿತು. ಬೆಳಿಗ್ಗೆ ಬಂದ ಜೆಸಿಬಿ ಮಧ್ಯಾಹ್ನದೊಳಗೆ ಕೆಲಸ ಮುಗಿಸಿತು. ಈಗ ಅಲ್ಲಿ ಬಸ್ಸುಗಳು ಒಂದನ್ನೊಂದು ಹಿಂದೆ ಹಾಕುತ್ತವೆ. ಪರಿಹಾರದಲ್ಲಿ ನನ್ನ ಪಾಲು ಮಕ್ಕಳ ಓದಿಗೆ ಖರ್ಚಾಯಿತು, ನಾನು ಕುಮಟೆಯಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆಯಲ್ಲೇ ಉಳಿದೆ. ಅಕ್ಕ ಮಾತ್ರ ತನ್ನ ಪಾಲನ್ನು ಮುಟ್ಟಲಿಲ್ಲ. "ನೆಲದಿಂದ ಬಂದದ್ದು, ನೆಲಕ್ಕೇ ಹೋಗ್ಲಿ" ಎಂದಳು.

ಅವಳಿಗೆ ಜಾಗ ಯಾಕೆ ಬೇಕು ಎಂದು ಗೊತ್ತಾದದ್ದು ಭಟ್ಕಳದ ಬಸ್ ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ ಚಾ ಕುಡಿಯುವಾಗ. ಅವಳ ಕೈಯಲ್ಲಿ ಶುಶ್ರೂಷೆ ಪಡೆದ ಒಬ್ಬ ಬಾಡಿಗೆ ಮನೆಯ ಹೆಂಗಸು ಆ ವಾರ ತೀರಿಕೊಂಡಿದ್ದಳು. ಮನೆಯ ಯಜಮಾನರು ಹೆಣವನ್ನು ಅಂಗಳಕ್ಕೆ ತರಲು ಬಿಡಲಿಲ್ಲ. ನಮ್ಮ ಕಡೆ ಇದು ಹೊಸದಲ್ಲ. ಬಾಡಿಗೆಗೆ ಕೊಟ್ಟ ಮನೆಯಲ್ಲಿ ಹೆಣ ಇಳಿಸಿದರೆ, ಸೂತಕದ ಕೆಲಸ ನಡೆದರೆ ತಮಗೆ ಆಗಿಬರುವುದಿಲ್ಲ ಎಂದು ಅನೇಕರ ನಂಬಿಕೆ. ಆಸ್ಪತ್ರೆಯಿಂದ ನೇರ ಸ್ಮಶಾನಕ್ಕೆ ಹೋದಳು ಪಾಪ.

"ನಂಗೆ ಬಂಗಲೆ ಬೇಡ ತಮ್ಮಾ" ಎಂದಳು ಅಕ್ಕ. "ಸತ್ತ ಮೇಲೆ ಸ್ವಲ್ಪ ಹೊತ್ತು ಮಲಗೂಕೆ ನಂದೇ ಅಂತ ಒಂದು ಅಂಗಳ ಬೇಕು."

"ಎಂತ ಮಾತು ಆಡ್ತೆ ನೀನು" ಎಂದು ಗದರಿಸಿದೆ.

"ಸಾಯೂವರಿಗೆ ಅದೇ ಅಂಗಳದಲ್ಲಿ ಹಪ್ಪಳ ಒಣಗಿಸ್ತೆ. ಮೀನು ಹುರೀತೆ. ಗೋಡೆ ತುಂಬ ಮೊಳೆ ಹೊಡೀತೆ. ಅದಕ್ಕೆ ಅಡ್ಡಿ ಇಲ್ವಲ?" ಎಂದು ನಕ್ಕಳು. ನಾನೂ ನಕ್ಕೆ.

ಆ ಮಳೆಗಾಲವಿಡೀ ನಾವಿಬ್ಬರೂ ಜಾಗ ನೋಡಿದೆವು. ಅಕ್ಕ ಮೊಬೈಲಿನಲ್ಲಿ ಮೊದಲ ಸಲ ಜಾಗ ಕೊಳ್ಳುವವರಿಗೆ ಸಲಹೆ ಕೊಡುವ ವಿಡಿಯೋಗಳನ್ನೆಲ್ಲ ಹುಡುಕಿ ನೋಡುತ್ತಿದ್ದಳು. ಕೋಟು ಹಾಕಿಕೊಂಡ ಒಬ್ಬ ಮನುಷ್ಯ, ಮೆಟ್ರೋ ಬರುವ ಕಡೆ ಕೊಳ್ಳಿ, ಐಟಿ ಪಾರ್ಕಿನ ಹತ್ತಿರ ಕೊಳ್ಳಿ ಎನ್ನುತ್ತಿದ್ದ. "ಇವನನ್ನ ಒಂದ್ಸಲ ಮಳೆಗಾಲದಲ್ಲಿ ಗಜನಿ ಗದ್ದೆಗೆ ಇಳಿಸ್ಬೇಕು, ಆಗ ಗೊತ್ತಾಗ್ತದೆ" ಎಂದು ಅಕ್ಕ ಮೊಬೈಲು ಆಫ್ ಮಾಡಿ ತನ್ನದೇ ನಿಯಮ ಮಾಡಿಕೊಂಡಳು. ಜಾಗವನ್ನು ಸುರಿಯುವ ಮಳೆಯಲ್ಲೇ ನೋಡಬೇಕು. ಬೇಸಿಗೆಯಲ್ಲಿ ಎಲ್ಲ ನೆಲವೂ ಚೆಂದ, ಎಲ್ಲ ದಲಾಲಿಗಳೂ ಸತ್ಯವಂತರು.

ಮಳೆ ಜೋರಾದ ದಿನವೇ ಅವಳ ಫೋನು ಬರುತ್ತಿತ್ತು. ರಜೆ ಹಾಕಿ ಕೊಡೆ ಹಿಡಿದು ಹೊರಡುತ್ತಿದ್ದೆವು. ಕುಮಟೆಯ ಹತ್ತಿರ ಒಂದು ಲೇಔಟಿಗೆ ಹೋದೆವು. ಏಪ್ರಿಲಿನಲ್ಲಿ ದಲಾಲಿ ಕಳಿಸಿದ ಫೋಟೋದಲ್ಲಿ ಅದು ಆಟದ ಬಯಲಿನಂತೆ ಸಪಾಟಾಗಿತ್ತು. ಜುಲೈಯಲ್ಲಿ ಹೋದರೆ ಮೊಣಕಾಲು ನೀರು. ಹೊಳೆಯ ಉಪ್ಪುನೀರು ಏರುವ ಗಜನಿ ಗದ್ದೆಗೆ ಕೆಂಪು ಮಣ್ಣು ಹೊಡೆಸಿ ಸೈಟು ಮಾಡಿದ್ದರು. ಅಕ್ಕ ಕೊಡೆಯ ಕೋಲಿನಿಂದ ಒಂದು ತೂತು ತೋರಿಸಿ, "ಇದೆಂತದು?" ಎಂದಳು.

"ಅದು ಏಡಿ ಬಿಲ ಅಮ್ಮ" ಎಂದ ದಲಾಲಿ.

"ಹಂಗಾರೆ ಇಲ್ಲಿ ಮೊದ್ಲೇ ಜನ ಇದ್ದಾರೆ" ಎಂದು ಅಕ್ಕ ವಾಪಸು ಹೊರಟಳು.

ಹೊನ್ನಾವರದ ಮಾವಿನಕುರ್ವೆಯಲ್ಲಿ ನೋಡಿದ ಜಾಗ ನನಗೆ ಬಹಳ ಹಿಡಿಸಿತು. ಎದುರಿಗೆ ಶರಾವತಿ, ದೋಣಿಗಳು, ತಂಪು ಗಾಳಿ. ಅಕ್ಕ ಗಾಳಿಗೆ ಸೋಲಲಿಲ್ಲ. ಪಕ್ಕದ ಮನೆಯ ಹೆಂಗಸಿನ ಹತ್ತಿರ ಹೋಗಿ ಬಾವಿಯ ವಿಷಯ ತೆಗೆದಳು. "ಈಗ ಸಿಹಿ ಇದ್ದು ಅಮ್ಮ, ಮೇ ತಿಂಗಳಲ್ಲಿ ಉಪ್ಪಾಗಿ ಬಾಯಿಗೆ ಹಾಕೂಕೆ ಆಗೂದಿಲ್ಲ" ಎಂದು ಆ ಹೆಂಗಸು ಮರೆಮಾಚದೆ ಹೇಳಿದಳು. ಜೊತೆಗೆ ಹೊಳೆಯ ದಂಡೆಯಲ್ಲಿ ಮನೆ ಕಟ್ಟಲು ಕಾನೂನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ನೆಲವನ್ನು ಮಳೆಯಲ್ಲಿ ನೋಡಬೇಕು, ಬಾವಿಯನ್ನು ಮೇ ತಿಂಗಳಲ್ಲಿ ನೋಡಬೇಕು ಎಂಬ ಎರಡನೆಯ ನಿಯಮ ಆ ದಿನ ಬಂತು. ಮಾರುವವರ ಮಾತಿಗಿಂತ ನೆರೆಮನೆಯ ಹೆಂಗಸರ ಮಾತು ಕೇಳಬೇಕು ಎಂಬುದನ್ನು ಅವಳು ನಿಯಮವೆಂದು ಹೇಳಲಿಲ್ಲ, ಹಾಗೇ ನಡೆದುಕೊಂಡಳು.

ಕಾಯ್ಕಿಣಿಯ ಜಾಗ ನಾವು ಹುಡುಕಿದ್ದಲ್ಲ, ತಾನಾಗಿ ಬಂದದ್ದು. ಅಲ್ಲಿಯ ತಿಮ್ಮಪ್ಪಣ್ಣನ ಹೆಂಡತಿ ಗಿರಿಜಕ್ಕನಿಗೆ ಸಕ್ಕರೆ ಕಾಯಿಲೆಯಿಂದ ಕಾಲಿನಲ್ಲಿ ಹುಣ್ಣಾಗಿ ಮಾಯುತ್ತಿರಲಿಲ್ಲ. ಅಕ್ಕ ಡ್ಯೂಟಿ ಮುಗಿಸಿ ಅವರ ಮನೆಗೇ ಹೋಗಿ ಡ್ರೆಸ್ಸಿಂಗ್ ಮಾಡಿ ಬರುತ್ತಿದ್ದಳು. ಕಾಲು ಉಳಿಯಿತು. ಅಕ್ಕ ಜಾಗ ಹುಡುಕುವುದು ತಿಳಿದ ತಿಮ್ಮಪ್ಪಣ್ಣ, "ಊರೆಲ್ಲ ಎಂತಕ್ಕೆ ತಿರುಗೂದು ತಂಗಿ? ನಮ್ಮನೆ ಹಿಂದೆ ಐದು ಗುಂಟೆ ಇತ್ತಲ, ತಕೊ" ಎಂದರು.

ಮಳೆಯಲ್ಲೇ ನೋಡಿದೆವು. ನೀರು ಒಂದು ಕ್ಷಣವೂ ನಿಲ್ಲದೆ ಹಿಂದಿನ ತೋಡಿಗೆ ಇಳಿಯುತ್ತಿತ್ತು. ಕೆಳಗೆ ಗಟ್ಟಿ ಚಿರೆಕಲ್ಲು. ಮೂಲೆಯಲ್ಲೊಂದು ಹಲಸಿನ ಮರ. ಹಿಂದೆ, ಅಕ್ಕಪಕ್ಕ ಬೇರೆಯವರ ಗದ್ದೆ, ಮುಂದೆ ತಿಮ್ಮಪ್ಪಣ್ಣನ ಮನೆ. ರಸ್ತೆಯಿಂದ ಬರಬೇಕಾದರೆ ಅವರ ಅಂಗಳ ಹಾದು, ತುಳಸಿಕಟ್ಟೆಯ ಬಲಕ್ಕೆ ತಿರುಗಿ ಬರಬೇಕು. ಅಕ್ಕ ಕೊಡೆ ಮಡಚಿ ಮಳೆಯಲ್ಲೇ ಸ್ವಲ್ಪ ಹೊತ್ತು ನಿಂತಳು. ಅವಳ ಮುಖ ನೋಡಿ, ಇನ್ನು ಹುಡುಕಾಟ ಮುಗಿಯಿತು ಎಂದು ನನಗೆ ತಿಳಿಯಿತು.

ಹಾಗೆಂದು ಅವಳು ಕಣ್ಣು ಮುಚ್ಚಿ ಕೊಂಡವಳಲ್ಲ. ವಕೀಲರಿಂದ ಹಿಂದಿನ ವರ್ಷಗಳ ಪಹಣಿಯೆಲ್ಲ ತೆಗೆಸಿದಳು. ಜಾಗದ ಮೇಲೆ ಸಾಲವಿದೆಯೇ ಎಂದು ಋಣಭಾರ ಪತ್ರ ನೋಡಿದಳು. ಸರ್ವೆಯವರನ್ನು ಕರೆಸಿ, ಅಕ್ಕಪಕ್ಕದವರನ್ನೂ ನಿಲ್ಲಿಸಿಕೊಂಡು ಗಡಿಕಲ್ಲು ಹಾಕಿಸಿದಳು. ತಿಮ್ಮಪ್ಪಣ್ಣನಿಗೆ ಮಾವಳ್ಳಿಗೆ ಮದುವೆಯಾಗಿ ಹೋದ ತಂಗಿಯೊಬ್ಬಳಿದ್ದಳು. ನಮ್ಮಲ್ಲಿ ಇಂಥ ತಂಗಿಯರಿಗೆ ಸೀರೆ ಉಡಿಸಿ, ಅರಿಶಿನ ಕುಂಕುಮ ಕೊಟ್ಟು, ಊಟ ಹಾಕಿ, ಹಕ್ಕು ಬಿಟ್ಟೆನೆಂದು ಸಹಿ ಹಾಕಿಸಿಕೊಳ್ಳುವ ರೂಢಿ. ಅಕ್ಕ ತಾನೇ ಮಾವಳ್ಳಿಗೆ ಹೋಗಿ, "ಎಂತಕ್ಕೆ ಸಹಿ ಅಂತ ಗೊತ್ತಿದ್ಯಲ? ಅಣ್ಣ ನಿಮ್ಮ ಪಾಲು ಕೊಟ್ರ?" ಎಂದು ಕೇಳಿ, ಹೌದು ಎನಿಸಿಕೊಂಡು ಬಂದಳು. ನನ್ನ ತಲೆಗೆ ಇದ್ಯಾವುದೂ ಹೊಳೆಯುತ್ತಿರಲಿಲ್ಲ.

ನವರಾತ್ರಿ ಕಳೆದು ಭಟ್ಕಳದಲ್ಲಿ ನೋಂದಣಿ. ಪತ್ರ ಬರೆಯುವವನು ನಕ್ಷೆ ನೋಡಿ ಪೆನ್ನು ನಿಲ್ಲಿಸಿದ. "ದಾರಿಯ ಬಗ್ಗೆ ಎಂತ ಬರೀಲಿ? ಎಷ್ಟು ಅಗಲ, ಯಾವ ಬದಿಗೆ?"

ತಿಮ್ಮಪ್ಪಣ್ಣ ನಿಜವಾಗಿಯೂ ಬೇಸರಪಟ್ಟುಕೊಂಡರು. "ದಾರಿ ಬರೆಸೂದಾ? ನನ್ನ ಅಂಗಳ ಅವಳ ಅಂಗಳ ಅಲ್ದ? ತಂಗಿ ತವರಮನೆ ಅಂಗಳ ದಾಟೂಕೆ ಯಾರಾದ್ರೂ ಕಾಗದ ಮಾಡ್ತಾರಾ?"

ಅದು ಆಟದ ಮಾತಾಗಿರಲಿಲ್ಲ. ನಮ್ಮ ಕರಾವಳಿಯ ಹಳ್ಳಿಗಳಲ್ಲಿ ಒಬ್ಬರ ಅಂಗಳ ಹಾದೇ ಇನ್ನೊಬ್ಬರ ಮನೆಗೆ ಹೋಗುವುದು. ಮದುವೆಗೆ, ಸಾವಿಗೆ, ಹಾಲು ತರಲು, ಮಕ್ಕಳು ಶಾಲೆಗೆ ಹೋಗಲು, ಎಲ್ಲ ಆ ದಾರಿಯಲ್ಲೇ. ಅದನ್ನು ಬರೆದುಕೊಡಿ ಎನ್ನುವುದೆಂದರೆ ನಿಮ್ಮ ಮೇಲೆ ನಂಬಿಕೆ ಇಲ್ಲ ಎಂದು ಮುಖಕ್ಕೆ ಹೇಳಿದ ಹಾಗೆ. ಬರೆಯುವವನು ಅಕ್ಕನ ಮುಖ ನೋಡಿದ.

ಮಾವಳ್ಳಿಯ ತಂಗಿಯ ಪಾಲಿನ ವಿಷಯವನ್ನು ಎದುರಿಗೇ ಕೇಳಿದ ನನ್ನ ಅಕ್ಕ ಇಲ್ಲಿ ಸೋತಳು. ಎಷ್ಟೋ ವರ್ಷಗಳಿಂದ ಅವಳನ್ನು ಎಲ್ಲರೂ ಸಿಸ್ಟರ್ ಎಂದು ಕರೆದಿದ್ದರು, ನೀನು ಈ ಮನೆಯವಳು ಎಂದವರು ಯಾರೂ ಇರಲಿಲ್ಲ. ತವರಮನೆ ಎಂಬ ಮಾತು ಕಿವಿಗೆ ಬಿದ್ದದ್ದೇ ಅವಳ ಕಣ್ಣು ತುಂಬಿಬಂತು. "ಬೇಡ ಬಿಡಿ, ಅದನ್ನ ಬರೀಬೇಡಿ" ಎಂದಳು. ನಾನು ಪಕ್ಕದಲ್ಲೇ ಇದ್ದೆ. ನನಗೂ ಅದು ಸರಿಯೆಂದೇ ಕಂಡಿತು.

ಶಿವರಾತ್ರಿಯ ಮೇಲೆ ಬಾವಿ ತೋಡಿಸಿದಳು. ಮನೆಗಿಂತ ಮೊದಲು ಬಾವಿ. ತಿಮ್ಮಪ್ಪಣ್ಣ ಕುರ್ಚಿ ಹಾಕಿಕೊಂಡು ದಿನವೂ ಕೆಲಸ ನೋಡಿದರು, ಗಿರಿಜಕ್ಕ ಕೆಲಸದವರಿಗೆಲ್ಲ ಚಾ ಕೊಟ್ಟರು. ನೀರು ಬಂದ ದಿನ ಅಕ್ಕ ಮೇಲೆ ಬಂದ ಕೊಡಪಾನವನ್ನು ನೆಲಕ್ಕೆ ಇಡುವುದನ್ನೂ ಕಾಯದೆ ಬಗ್ಗಿ ಅದಕ್ಕೆ ಬೊಗಸೆ ಹಾಕಿದಳು. ಮಣ್ಣು, ಸಿಮೆಂಟು ಕೂಡಿದ ನೀರು. "ಹೊಸ ಬಾವಿದು ಈ ವರ್ಷ ಹೇಳೂಕೆ ಬರೂದಿಲ್ಲ. ಮುಂದಿನ ಮೇ ತಿಂಗಳು ಕುಡಿದು ನೋಡ್ಬೇಕು. ಆಮೇಲೆ ಮನೆ ಕೆಲ್ಸ ಶುರು ಮಾಡೂದು" ಎಂದಳು. ಆದರೂ ಚಿರೆಕಲ್ಲು ಮೊದಲೇ ತರಿಸಿ ಹಲಸಿನ ಮರದ ಬುಡದಲ್ಲಿ ಪೇರಿಸಿಟ್ಟಳು. ಜೂನಿನ ಮೊದಲ ಮಳೆಗೆ ಆ ಕಲ್ಲು ತೊಯ್ದಾಗ ನಾವಿಬ್ಬರೂ ಅಲ್ಲಿದ್ದೆವು. ಆ ವಾಸನೆಯೇ ಮೊನ್ನೆ ನನ್ನ ಮೂಗಿಗೆ ಬಂದದ್ದು.

ಆ ಮಳೆಗಾಲದಲ್ಲೇ ತಿಮ್ಮಪ್ಪಣ್ಣ ತೀರಿಕೊಂಡರು. ಸಂಜೆ ಜಗಲಿಯಲ್ಲಿ ಕೂತವರು ಕೂತ ಹಾಗೇ ಹೋದರು. ಅಕ್ಕ ಸ್ವಂತ ಅಣ್ಣ ಸತ್ತಂತೆ ಅತ್ತಳು. ದೀಪಾವಳಿಯ ಹೊತ್ತಿಗೆ ಅವರ ಮಗ ಮಾದೇವ ಮುಂದಿನ ಮನೆ, ಅಂಗಳ ಎಲ್ಲವನ್ನೂ ಘಟ್ಟದ ಮೇಲಿನ ಒಬ್ಬರಿಗೆ ಮಾರಿ, ತಾಯಿಯನ್ನು ಕರೆದುಕೊಂಡು ಅದೇ ಊರಿನ ಇನ್ನೊಂದು ಕೇರಿಗೆ ಹೋದ. ಕೊಂಡವರು ಅಲ್ಲಿ ಮುರ್ಡೇಶ್ವರಕ್ಕೆ ಬರುವ ಪ್ರವಾಸಿಗರಿಗೆ ಹೋಮ್‌ಸ್ಟೇ ಮಾಡುತ್ತಾರಂತೆ. ಒಳ್ಳೆಯ ಬೆಲೆ ಬಂದರೆ ಯಾರಾದರೂ ಮಾರುತ್ತಾರೆ, ಮಾದೇವನನ್ನು ದೂರುವುದು ಹೇಗೆ?

ತುಳಸಿಕಟ್ಟೆ ಹೋಯಿತು. ಸುತ್ತ ಎತ್ತರದ ಗೋಡೆ ಬಂತು, ಕಪ್ಪು ಗೇಟು ಬಂತು, ಗೇಟಿಗೆ ಕಾವಲಿನವನು ಬಂದ. ಅಕ್ಕ ಒಂದು ದಿನ ತನ್ನ ಜಾಗಕ್ಕೆ ಹೋಗಲು ಗೇಟಿನಲ್ಲಿ ನಿಂತಾಗ, ರೂಮ್ ಬುಕಿಂಗ್ ಇದೆಯಾ ಮೇಡಂ ಎಂದು ಅವನು ಕೇಳಿದ.

ಮಾದೇವ ತಲೆ ತಗ್ಗಿಸಿಕೊಂಡು ಹೇಳಿದ, "ನಾನು ಅವರಿಗೆ ಹೇಳಿದ್ದೆ ಅತ್ತೆ, ಹಿಂದಿನವರಿಗೆ ದಾರಿ ಉಂಟು ಅಂತ. ಕಾಗದದಲ್ಲಿ ತೋರ್ಸಿ ಅಂದ್ರು. ಎಲ್ಲಿಂದ ತೋರ್ಸೂದು?" ಹೊಸ ಯಜಮಾನರೂ ಒರಟು ಮನುಷ್ಯರಲ್ಲ. ಕೂರಿಸಿ, ಜ್ಯೂಸು ಕೊಟ್ಟು, ಗೆಸ್ಟುಗಳ ಮಧ್ಯೆ ದಾರಿ ಬಿಡಲಾಗುವುದಿಲ್ಲ, ಬೇಕಾದರೆ ನಿಮ್ಮ ಜಾಗವನ್ನು ನನಗೇ ಕೊಡಿ ಎಂದರು. ದಾರಿಯಿಲ್ಲದ ಜಾಗಕ್ಕೆ ಗಿರಾಕಿ ಒಬ್ಬನೇ ಎಂಬುದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಾಯಿತು.

ವಕೀಲರು ಕೇಸು ಹಾಕಿ ಎಂದರು. ಬೇರೆ ದಾರಿಯೇ ಇಲ್ಲದ ಜಾಗಕ್ಕೆ ಕೋರ್ಟು ದಾರಿ ಕೊಡಿಸುತ್ತದೆ, ಆದರೆ ವರ್ಷಗಟ್ಟಲೆ ಆಗಬಹುದು ಎಂದರು. ಅಕ್ಕ ಆತು ಎಂದಳು. ಆದರೆ ಕಾಗದ ತಯಾರಾಗುವಷ್ಟರಲ್ಲಿ ಅವಳ ಹೊಟ್ಟೆನೋವು ಶುರುವಾಗಿತ್ತು. ನರ್ಸಾದ್ದರಿಂದ ಡಾಕ್ಟರು ಬಾಯಿ ಬಿಡುವ ಮೊದಲೇ ಅವಳಿಗೆ ಎಲ್ಲ ತಿಳಿಯಿತು. ಬೇಸಿಗೆಯಲ್ಲಿ ಉಡುಪಿ ಕಡೆಯ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ಅವಳು ಒಂದೇ ಒಂದು ಸಲ ಜಾಗದ ವಿಷಯ ಎತ್ತಿದಳು.

"ಮೇ ತಿಂಗಳು ಬಂತಲ. ಬಾವಿ ನೀರು ನೋಡ್ಬೇಕಿತ್ತು."

"ನಾನು ಹೋಗಿ ನೋಡ್ಕಂಡು ಬರ್ತೆ" ಎಂದೆ.

"ಹೆಂಗೆ ಹೋಗ್ತೆ? ರೂಮ್ ಬುಕ್ ಮಾಡ್ಕಂಡಾ?" ಎಂದು ನಗಲು ನೋಡಿದಳು. ನಗು ಪೂರ್ತಿ ಬರಲಿಲ್ಲ. ನಾನು ವಾರ್ಡಿನಿಂದ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ.

ಆ ತಿಂಗಳು ಮುಗಿಯುವ ಮೊದಲೇ ಒಂದು ಬೆಳಿಗ್ಗೆ ಅಕ್ಕ ಹೋದಳು. ಆಂಬ್ಯುಲೆನ್ಸಿನಲ್ಲಿ ಅವಳ ಪಕ್ಕ ಕೂತು ಶಿರಾಲಿಯ ಅವಳ ಬಾಡಿಗೆ ಮನೆಯ ಯಜಮಾನತಿಗೆ ಫೋನು ಮಾಡಿದೆ. ಆಕೆಯೂ ಅತ್ತಳು. ಅತ್ತು, "ಬೇಜಾರು ಮಾಡ್ಕಣ್ಬೇಡಿ, ಮಗಳ ಮದ್ವೆ ಇಟ್ಕಂಡಿದ್ದೇವೆ, ಇಲ್ಲಿ ಇಳಿಸ್ಬೇಡಿ" ಎಂದಳು. ನನ್ನ ಎರಡನೇ ಮಹಡಿಯ ಯಜಮಾನರಿಗೆ ಫೋನು ಮಾಡುವ ಧೈರ್ಯ ಬರಲಿಲ್ಲ. ಅಕ್ಕ ಹೆದರಿದ್ದು ಇದೇ ಫೋನಿಗೆ. ಅದನ್ನು ನಾನೇ ಮಾಡಬೇಕಾಯಿತು.

ಭಟ್ಕಳ ದಾಟಿತು. ಶಿರಾಲಿಯೂ ದಾಟಿತು. ಎಲ್ಲಿಗೆ ಎಂದು ಡ್ರೈವರ್ ಕೇಳಿದ. ಕಾಯ್ಕಿಣಿಗೆ ಎಂದೆ. ಮಾದೇವನಿಗೆ ಹೇಳಿದೆ, ಅವನು ಅಮ್ಮನನ್ನೂ ಕೇರಿಯ ನಾಲ್ಕು ಜನರನ್ನೂ ಕರೆದುಕೊಂಡು ನಮಗಿಂತ ಮೊದಲೇ ಗೇಟಿನ ಹತ್ತಿರ ನಿಂತಿದ್ದ. ಕಾವಲಿನವನು ಆಂಬ್ಯುಲೆನ್ಸಿನ ಒಳಗೆ ನೋಡಿ, ಯಜಮಾನರಿಗೆ ಫೋನು ಮಾಡಿದ. ಏನು ಮಾತಾಯಿತೋ ಕೇಳಿಸಲಿಲ್ಲ. ಅವನು ತಲೆಯ ಟೋಪಿ ತೆಗೆದು, ಗೇಟಿನ ಎರಡೂ ಬಾಗಿಲು ಪೂರ್ತಿ ತೆರೆದ.

ನಮ್ಮ ಕಡೆ ಹೆಣದ ದಾರಿಗೆ ಯಾರೂ ಅಡ್ಡ ನಿಲ್ಲುವುದಿಲ್ಲ. ಘಟ್ಟದ ಮೇಲೂ ನಿಲ್ಲುವುದಿಲ್ಲ ಎಂದು ಅಂದು ತಿಳಿಯಿತು. ಯಾರೂ ಕಾಗದ ಕೇಳಲಿಲ್ಲ, ಎಷ್ಟು ಅಗಲ, ಯಾವ ಬದಿಗೆ ಎಂದು ಕೇಳಲಿಲ್ಲ. ಜಗಲಿಯಲ್ಲಿ ತಿಂಡಿ ತಿನ್ನುತ್ತಿದ್ದ ಪ್ರವಾಸಿಗರು ತಟ್ಟೆ ಕೆಳಗಿಟ್ಟು ಎದ್ದು ನಿಂತರು. ತುಳಸಿಕಟ್ಟೆ ಇದ್ದ ಜಾಗದಲ್ಲಿ ಬಲಕ್ಕೆ ತಿರುಗಿ, ಅಕ್ಕನನ್ನು ಅವಳ ಐದು ಗುಂಟೆಗೆ ತಂದೆವು. ಆಳೆತ್ತರದ ಹುಲ್ಲು ಒಣಗಿ ನಿಂತಿತ್ತು. ಮಾದೇವ ಹುಲ್ಲು ಸವರಿ, ಚಾಪೆ ಹಾಸಿದ. ಹಲಸಿನ ಮರದ ನೆರಳಿನಲ್ಲಿ, ತಾನೇ ಪೇರಿಸಿಟ್ಟ ಕಲ್ಲಿನ ಪಕ್ಕದಲ್ಲಿ ಅಕ್ಕ ಸ್ವಲ್ಪ ಹೊತ್ತು ಮಲಗಿದಳು.

ಹೆಂಗಸರು ಮೀಯಿಸಲು ನೀರು ಬೇಕೆಂದರು. ನಾನು ಬಾವಿಗೆ ಕೊಡಪಾನ ಬಿಟ್ಟೆ. ಮೇ ಕೊನೆ, ನೀರು ಬಹಳ ಕೆಳಗಿತ್ತು, ಹಗ್ಗ ಪೂರ್ತಿ ಹೋಯಿತು. ಎಳೆದು ಕಟ್ಟೆಯ ಮೇಲಿಟ್ಟೆ. ಗಿರಿಜಕ್ಕ ಕೈ ಚಾಚಿ ಕಾಯುತ್ತಿದ್ದರು. ಕೊಡುವ ಮೊದಲು ನಾನು ಒಂದು ಬೊಗಸೆ ಕುಡಿದೆ.

"ಎಂತಾತು?" ಎಂದು ಕೇಳಿದರು ಗಿರಿಜಕ್ಕ.

"ಸಿಹಿ ಇದೆ" ಎಂದೆ. ಹೇಳಬೇಕಾದವಳಿಗೆ ಹೇಳಲು ತಿರುಗಿದೆ, ಅವಳ ಮುಖದ ಮೇಲಿನ ಬಟ್ಟೆಯನ್ನು ಯಾರೋ ಸರಿಪಡಿಸುತ್ತಿದ್ದರು.